ಬಾಳವ್ವ ಉಂಡ ಬಂಡೆ

ತೊರೆಹಾಳದ ಬಸ್ ನಿಲ್ದಾಣದಿಂದ ಸಂತೆ ಬಯಲಿಗೆ ಹೋಗುವ ದಾರಿಯಲ್ಲಿ, ಹಳೆಯ ಖಾನಾವಳಿಯ ಎದುರಿಗೆ, ಮಂಚದಷ್ಟು ಅಗಲದ ಕಪ್ಪು ಬಂಡೆಯೊಂದು ನೆಲಕ್ಕೆ ಅಂಟಿಕೊಂಡು ಬಿದ್ದಿದೆ. ಪಕ್ಕದ ಫಲಕದ ಮೇಲೆ ‘ಶ್ರೀ ಬಾಳವ್ವನ ಬಂಡೆ’ ಎಂದು ಬರೆಸಿದ್ದಾರೆ. ಬರೆದವರಿಗೆ ಯಾರು ಹೇಳಿದರೋ ಶಿವನೇ ಬಲ್ಲ. ಊರ ಹಿರಿಯರ ಬಾಯಲ್ಲಿ ಅದು ಎಂದಿಗೂ ‘ಬಾಳವ್ವ ಉಂಡ ಬಂಡೆ’. ಆ ‘ಶ್ರೀ’ ಇಲ್ಲದಿದ್ದರೂ ನಡೆದೀತು, ‘ಉಂಡ’ ಎಂಬುದು ಮಾತ್ರ ಇರಲೇಬೇಕು. ಅದನ್ನು ತೆಗೆದುಹಾಕಿದವರು ಆ ಹೆಣ್ಣುಮಗಳ ಹೊಟ್ಟೆಯ ಮೇಲೆ ಎರಡನೆಯ ಸಲ ಹೊಡೆದಿದ್ದಾರೆ. ಮೊದಲನೆಯ ಸಲ ಹೊಡೆದವರು ಯಾರು ಎಂಬುದೇ ಈ ಐತಿಹ್ಯ.

ಹಿಂದೆ ಒಮ್ಮೆ, ರೈಲು ಈ ಸೀಮೆಗೆ ಬರುವ ಮೊದಲು, ಹತ್ತಿ ಹೇರಿದ ಚಕ್ಕಡಿಗಳೆಲ್ಲ ಈ ದಾರಿಯಲ್ಲೇ ಸಾಗುತ್ತಿದ್ದವು. ದಾರಿಯ ಮಗ್ಗುಲಲ್ಲಿ ಅಡಿವೆಪ್ಪನ ಖಾನಾವಳಿ. ಅಡಿವೆಪ್ಪನದೆನ್ನುವುದು ಹೆಸರಿಗೆ ಮಾತ್ರ. ಅವನು ಬಾಗಿಲಲ್ಲಿ ಕೂತು ಬಂದವರನ್ನು ಮಾತಾಡಿಸುತ್ತಿದ್ದ, ಅಷ್ಟೇ. ಒಲೆಯ ಮುಂದೆ ಬೆಂದವಳು ಅವನ ಹೆಂಡತಿ ಬಾಳವ್ವ. ನಸುಕಿನಲ್ಲಿ ಹಿಟ್ಟಿಗೆ ಕೈ ಹಾಕಿದರೆ ದೀಪ ಹಚ್ಚುವ ಹೊತ್ತಿನವರೆಗೂ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತಿರಲಿಲ್ಲ. ಖಾನಾವಳಿಯ ಮನೆಗಳಲ್ಲಿ ಒಂದು ಪದ್ಧತಿಯಿತ್ತು: ಕೊನೆಯ ಗಿರಾಕಿ ಕೈ ತೊಳೆಯುವವರೆಗೆ ಮನೆಯಾಕೆ ಉಣ್ಣಬಾರದು. ಬಾಳವ್ವ ಇಪ್ಪತ್ತೆರಡು ವರ್ಷ ಅದನ್ನು ಪಾಲಿಸಿದಳು. ಉಳಿದದ್ದು ಏನಿದ್ದರೆ ಅದನ್ನು, ತಣ್ಣಗಿದ್ದರೆ ತಣ್ಣಗೆ, ಒಳಗೆ ಒಲೆಯ ಸಂದಿಯಲ್ಲಿ ನಿಂತುಕೊಂಡೇ ತಿನ್ನುತ್ತಿದ್ದಳು. ಎಲ್ಲರಿಗೂ ‘ಇನ್ನೊಂದು ಹಾಕಲೇನ?’ ಎಂದು ಕೇಳಿದವಳಿಗೆ ಆ ಮಾತನ್ನು ತಿರುಗಿ ಕೇಳಿದವರು ಯಾರೂ ಇರಲಿಲ್ಲ. ಅವಳಿಗೂ ಅದು ಅಭ್ಯಾಸವಾಗಿ ಹೋಗಿತ್ತು.

ಒಂದು ವರ್ಷ ಪರಸ್ಥಳದ ಹತ್ತಿ ವ್ಯಾಪಾರಿಯೊಬ್ಬ ಚಕ್ಕಡಿಯ ಅಚ್ಚು ಮುರಿದು ಎಂಟು ದಿನ ಇಲ್ಲೇ ಉಳಿಯಬೇಕಾಯಿತು. ಮಾಡಲು ಕೆಲಸವಿಲ್ಲದ ಮನುಷ್ಯ. ಕೂತು ಕೂತು ನೋಡಿದ. ಈ ಹೆಂಗಸು ಎಲ್ಲರಿಗೂ ಬಡಿಸುತ್ತಾಳೆ, ತಾನು ಒಂದು ತುತ್ತು ಬಾಯಿಗಿಟ್ಟದ್ದನ್ನು ಕಾಣಲಿಲ್ಲ. ಹೊರಡುವಾಗ ಅವಳ ಕಾಲಿಗೆ ಬಿದ್ದು ಹೋದ. ಹೋದಲ್ಲೆಲ್ಲ ಉಣ್ಣದೆ ಬದುಕುವ ತಾಯಿಯೊಬ್ಬಳು ತೊರೆಹಾಳದಲ್ಲಿದ್ದಾಳೆ ಎಂದು ಹೇಳುತ್ತಾ ಹೋದ. ತಿಂಗಳು ಕಳೆಯುವಷ್ಟರಲ್ಲಿ ಮಂದಿ ಬರತೊಡಗಿದರು. ಹೂವು ತಂದರು, ಉಡಿ ತುಂಬಿದರು, ಕೂಸುಗಳನ್ನು ಅವಳ ಕಾಲ ಬಳಿ ಮಲಗಿಸಿದರು. ಕಾಲಿಗೆ ಬಿದ್ದು ಎದ್ದವರಿಗೆ ಹಸಿವಾಗುತ್ತದಲ್ಲ, ಅವರಿಗೂ ರೊಟ್ಟಿ ಬೇಯಿಸುವವಳು ಆ ದೇವಿಯೇ. ‘ನಾನೂ ಉಣ್ಣತೀನ್ರೀ’ ಎಂದು ಅವಳು ಹೇಳಿದಾಗ, ಎಷ್ಟು ದೊಡ್ಡ ಮನಸ್ಸು, ತನ್ನ ಮಹಿಮೆಯನ್ನು ಮುಚ್ಚಿಡುತ್ತಾಳೆ ಎಂದು ಇನ್ನಷ್ಟು ಕೈಮುಗಿದರು.

ಅಡಿವೆಪ್ಪ ಕೆಟ್ಟವನಲ್ಲ, ಆದರೆ ಕಿಕ್ಕಿರಿದ ಪಡಸಾಲೆಯನ್ನು ಕಂಡು ಅವನ ತಲೆ ತಿರುಗಿತ್ತು. “ನಾಕ ಮಂದಿ ಮುಂದ ಉಣಬ್ಯಾಡ. ಬಂದವರ ನಂಬಿಕಿ ಮುರಿದು ಪಾಪ ಕಟ್ಟಿಕೋಬ್ಯಾಡ,” ಎಂದ. ನಾಕು ಮಂದಿ ಇಲ್ಲದ ಹೊತ್ತು ಯಾವುದಿತ್ತು? ಅಡುಗೆಮನೆಯ ಬಾಗಿಲಿನವರೆಗೂ ಭಕ್ತರು ಕೂತಿರುತ್ತಿದ್ದರು. ಬಾಳವ್ವ ಜೋಳದ ಕೋಣೆಗೆ ಹೋಗಿ ಅಗಳಿ ಹಾಕಿಕೊಂಡು, ಸಪ್ಪಳವಾಗದಂತೆ ತುಣುಕು ರೊಟ್ಟಿಯನ್ನು ಬಾಯಲ್ಲೇ ನೆನೆಸಿ ನುಂಗುತ್ತಿದ್ದಳು. ತನ್ನ ಮನೆಯಲ್ಲಿ, ತಾನೇ ಬಡಿದ ರೊಟ್ಟಿಯನ್ನು ಕಳ್ಳಿಯ ಹಾಗೆ ತಿನ್ನಬೇಕಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಗುತ್ತಿತ್ತು. ಭಕ್ತರು ಅಲ್ಲಿಗೂ ಬಂದು ಬಾಗಿಲು ಬಡಿಯತೊಡಗಿದ ಮೇಲೆ ಅದೂ ನಿಂತಿತು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಒಂದು ಸಲ ಕೂತು, ಬಿಸಿಯಾಗಿ, ಹೊಟ್ಟೆ ತುಂಬ ಉಣ್ಣುವುದು.

ಒಂದು ಮಂಗಳವಾರ, ಸಂತೆಯ ದಿನ, ಮಧ್ಯಾಹ್ನದ ಹೊತ್ತಿಗೆ ಅವಳು ರೊಟ್ಟಿ ಬೇಯಿಸುವ ಹಂಚಿನ ಮುಂದೆಯೇ ಕಣ್ಣು ಕತ್ತಲಿಟ್ಟು ಬಿದ್ದಳು. ಎರಡು ದಿನದಿಂದ ಹೊಟ್ಟೆಗೆ ಏನೂ ಇರಲಿಲ್ಲ. ನೆರೆದವರು, ದೇವಿ ಮೈಮೇಲೆ ಬಂದಳು ಎಂದರು. ಯಾರೋ ಬೇವಿನ ಸೊಪ್ಪು ತಂದರು, ಯಾರೋ ಅರಿಷಿಣ ಬಳಿದರು. ಕಣ್ಣು ತೆರೆದ ಬಾಳವ್ವ “ನೀರು” ಎಂದಳು. ಕೂಡಲೇ ಒಂದು ಕೊಡ ನೀರು ಬಂತು. ಅದನ್ನು ಅವಳ ಪಾದಕ್ಕೆ ಸುರಿದರು.

ಆ ನೀರು ನೆಲದಲ್ಲಿ ಇಂಗುವುದನ್ನು ಅವಳು ಸ್ವಲ್ಪ ಹೊತ್ತು ನೋಡಿದಳು ಎನ್ನುತ್ತಾರೆ. ಆಮೇಲೆ ಗೋಡೆ ಹಿಡಿದು ಎದ್ದು, ಬುಟ್ಟಿಯಿಂದ ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಹಿಡಿ ಶೇಂಗಾ ಹಿಂಡಿ ಗಂಗಾಳಕ್ಕೆ ಹಾಕಿಕೊಂಡು ಹೊರಗೆ ನಡೆದಳು. ಅಡಿವೆಪ್ಪ ಅಡ್ಡ ಬಂದ. “ನನಗ ಹಸಿವಾಗೈತಿ, ಅತ್ತಾಗ ಸರಿ,” ಎಂದಳು. ಸಂತೆಗೆ ಸಂತೆಯೇ ನೋಡುತ್ತಿದ್ದಂತೆ ದಾರಿಯಾಚೆಯ ಬಂಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ರೊಟ್ಟಿ ಮುರಿದು ಉಂಡಳು. ವ್ರತ ಕೆಡಿಸಿಕೊಂಡಳು ಎಂದು ಒಬ್ಬಾಕೆ ಅತ್ತಳು. ಭಕ್ತರು ತಮ್ಮ ಹೂವು ಕಾಯಿ ಎತ್ತಿಕೊಂಡು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಅವಳು ತಲೆ ಎತ್ತಲಿಲ್ಲ.

ಚಕ್ಕಡಿ ಹೊಡೆಯುವ ಹುಚ್ಚೀರಪ್ಪ ಎಂಬ ಮುದುಕನೊಬ್ಬ ಅಲ್ಲಿದ್ದ. ಇಪ್ಪತ್ತು ವರ್ಷ ಅವಳ ಕೈಯಲ್ಲಿ ಉಂಡವನು. ಅವನು ಎದ್ದು ಒಳಗೆ ಹೋದ. ಹಂಚಿನ ಮೇಲೆ ಒಂದು ಮಗ್ಗುಲು ಸೀದು ಕೂತಿದ್ದ ರೊಟ್ಟಿಯನ್ನೇ ಬರಿಗೈಯಲ್ಲಿ ತೆಗೆದು, ಊದುತ್ತಾ ತಂದು ಅವಳೆದುರು ಬಗ್ಗಿ ನಿಂತ. “ಇನ್ನೊಂದು ಹಾಕಲೇನ, ಯವ್ವಾ?” ಎಂದ. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಬಾಳವ್ವ ಆಗ ಅತ್ತಳು. ಅಳುತ್ತಲೇ ಗಂಗಾಳ ಮುಂದೆ ಹಿಡಿದಳು. ಆ ದಿನ ಐದು ರೊಟ್ಟಿ ಉಂಡಳೆಂದು ಕೆಲವರು, ಏಳೆಂದು ಕೆಲವರು ಹೇಳುತ್ತಾರೆ. ಯಾರು ಎಣಿಸಿದ್ದರೋ ಗೊತ್ತಿಲ್ಲ.

ಪವಾಡವೇನೂ ನಡೆಯಲಿಲ್ಲ. ಖಾನಾವಳಿ ಬಹಳ ದಿನ ಬಿಕೋ ಎಂದಿತು, ಅಡಿವೆಪ್ಪ ಮುಖ ಊದಿಸಿಕೊಂಡಿದ್ದ, ಕಡೆಗೆ ಚಕ್ಕಡಿಯವರಷ್ಟೇ ಉಳಿದರು. ಅವಳ ದಣಿವೂ ಹೋಗಲಿಲ್ಲ. ಮರುದಿನ ನಸುಕಿಗೆ ಮತ್ತೆ ಹಿಟ್ಟಿಗೆ ಕೈ ಹಾಕಿದವಳು ಅವಳೇ. ಆದರೆ ಸಾಯುವವರೆಗೂ ಮಧ್ಯಾಹ್ನದ ಊಟವನ್ನು ಆ ಬಂಡೆಯ ಮೇಲೆ ಕೂತೇ ಉಂಡಳು.

ಫಲಕ ಓದಿ ಬಂದವರು ಈಗಲೂ ಬಂಡೆಗೆ ಕಾಯಿ ಒಡೆದು, ನೀರು ಸುರಿದು ಹೋಗುತ್ತಾರೆ. ಹೇಳಿದರೆ ಕೇಳುವುದಿಲ್ಲ. ಮಂಗಳವಾರ ಮಧ್ಯಾಹ್ನದವರೆಗೆ ಕಾದವರು ಮಾತ್ರ ಇನ್ನೊಂದನ್ನು ಕಾಣುತ್ತಾರೆ. ಖಾನಾವಳಿಯ ಈಗಿನ ಒಡತಿ, ಗಿರಾಕಿಗಳು ತುಂಬಿರುವಾಗಲೇ, ಹಂಚು ಇಳಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು, ಗಂಗಾಳ ಹಿಡಿದು ದಾರಿ ದಾಟುತ್ತಾಳೆ. ಬಂಡೆಯ ಮೇಲಿನ ಹೂವನ್ನು ಪಕ್ಕಕ್ಕೆ ಸರಿಸಿ ಕೂರುತ್ತಾಳೆ. ಒಳಗೆ ಉಣ್ಣುತ್ತಿದ್ದವರಲ್ಲಿ ಯಾರಾದರೊಬ್ಬರು ಎಂಜಲು ಕೈ ತೊಳೆದುಕೊಂಡು, ಬುಟ್ಟಿಯಿಂದ ರೊಟ್ಟಿ ತೆಗೆದುಕೊಂಡು ಅವಳ ಹಿಂದೆ ಹೋಗುತ್ತಾರೆ.