ಅಜ್ಜಾರ ಪಟ ಹೊತ್ತ ಡಬ್ಬಿ ಕಾರು

ತುಂಗಭದ್ರೆಯ ದಂಡೆಗೊಂದು ಮಠ. ಮಠಕ್ಕೊಬ್ಬರು ಅಜ್ಜಾರು, ಅಜ್ಜಾರಿಗೊಬ್ಬ ಶಿಷ್ಯ ಫಕ್ಕೀರೇಶ, ಶಿಷ್ಯನಿಗೊಂದು ಕಾರು. ಕಾರೆಂದರೆ ಕಾರಲ್ಲ, ಗಾಲಿ ಹಚ್ಚಿದ ಟ್ರಂಕು.

ನದಿಗೆ ಹೊಸ ನೀರು ಬಂದಾಗ ಇವರೂ ಆಚೆ ದಂಡೆಯ ಮಠದವರೂ ಒಂದೊಂದು ಕೊಡ ತುಂಬಿಕೊಂಡು ಗುಡ್ಡದ ಗುಡಿಗೆ ಕಾರು ಓಡಿಸುವುದು ರೂಢಿ. ಅವತ್ತು ಆ ದಾರಿಗೆ ಬೇರೆ ಗಾಡಿ ಬಿಡುವುದಿಲ್ಲ. ಮೊದಲು ಮುಟ್ಟಿದವರ ನೀರು ದೇವರಿಗೆ. ಹಿಂದೆ ಬಿದ್ದವರು ಪಂಕ್ತಿಯ ಎಂಜಲೆಲೆ ಎತ್ತಬೇಕು.

ವರ್ಷಾ ವರ್ಷಾ ಎಲೆ ಎತ್ತಿ ಫಕ್ಕೀರೇಶನ ಸೊಂಟ ಬಗ್ಗಿಹೋಗಿತ್ತು. ಆಚೆ ಮಠದ ಕಾರು ಓಡಿಸುವ ಸಂಗಯ್ಯನಂತೂ ಬೇಕಂತಲೇ ಎಲೆಯಲ್ಲಿ ಸಾರು ಉಳಿಸುತ್ತಿದ್ದ.

“ಅಜ್ಜಾರ, ಹೊಸ ಎಂಜಿನ್ ಹಾಕಿಸೀನ್ರಿ. ಆದ್ರೂ ಸ್ಪೀಡಿನ ಮುಳ್ಳು ಎಂಬತ್ತು ದಾಟವಲ್ದು.”

“ನಲವತ್ತಕ್ಕ ಹೆಂಗ ಹೋಗತೈತಿ?”

“ಬೆಣ್ಣಿಯಾಗಿನ ಕೂದಲು ಎಳದಂಗ್ರಿ. ಎಂಬತ್ತಕ್ಕ ಮಾತ್ರ ಯಾರೋ ಮುಂದ ನಿಂತು ಎದಿಗೆ ಕೈ ಕೊಟ್ಟಂಗಾಗತೈತಿ.”

“ಯಾರಂವ?”

“ಕಣ್ಣಿಗೆ ಕಾಣವಲ್ಲರಿ.”

ಅಜ್ಜಾರು ಕಾರಿನ ನೆತ್ತಿ ನೋಡಿದರು. ಅಲ್ಲಿ ಕಾರಿನಷ್ಟೇ ಅಗಲದ ಹಲಗೆ ಎದ್ದು ನಿಂತಿತ್ತು. ಹಲಗೆಯ ತುಂಬ ಅಜ್ಜಾರ ಪಟ. ಭಕ್ತಿ ಉಕ್ಕಿ ಫಕ್ಕೀರೇಶನೇ ಬರೆಸಿ ಕೂರಿಸಿದ್ದ.

“ಅದನ್ನ ಬಿಚ್ಚಿಕೊಂಡು ಮಡುವಿಗೆ ಬಾ.”

ಮಡುವಿನಲ್ಲಿ ನೀರು ನಿಂತಿತ್ತು. ಫಕ್ಕೀರೇಶ ಎದೆಮಟ ಇಳಿದ.

“ಹಲಗಿ ಎದಿಗೆ ಅಡ್ಡ ಹಿಡಿ. ನಡಿ.”

ನಡೆದ. ಸಲೀಸು.

“ಓಡು.”

ಓಡಹೋಗಿ ಬಿದ್ದ. ಮೂಗಿನ ತುಂಬ ನೀರು. ಪಕ್ಕದಲ್ಲಿ ಹಲಗೆಯ ಅಜ್ಜಾರು ನಗುತ್ತ ತೇಲುತ್ತಿದ್ದರು.

“ನೀರು ನಿಂತೇ ಇತ್ತಲ್ಲೋ. ನಿನ್ನ ನೂಕಿದವರ್ಯಾರು?”

“ಅದೇ ನೀರ್ರಿ! ನಡದ್ರ ಸುಮ್ಮನಿತ್ತು, ಓಡಿದ್ರ ಸಿಟ್ಟಿಗೆದ್ದತು.”

“ನೀ ಎರಡು ಪಟ್ಟು ಜೋರು ಮಾಡಿದ್ರ ಅದು ನಾಕು ಪಟ್ಟು ಮಾಡತೈತಿ. ಗಾಳಿನೂ ಹಂಗ.”

“ಹಂಗಾದ್ರ ಇನ್ನೂ ದೊಡ್ಡ ಎಂಜಿನ್...”

“ಹಿಂದಿಂದ ನಾಕು ಮಂದಿ ನಿನ್ನ ನೂಕಿದ್ರ ಏನಾಗತಿತ್ತು?”

“ಮೂಗಿಗೆ ಇನ್ನಷ್ಟು ನೀರು ಹೋಗತಿತ್ರಿ.”

ಅಜ್ಜಾರು ಹಲಗೆಯ ಅಂಚು ಮುಂದೆ ಮಾಡಿ ಕೊಟ್ಟರು. ಈ ಸಲ ಓಡಿದರೆ ಅದು ಮೀನಿನಂತೆ ನೀರು ಸೀಳಿತು.

ಫಕ್ಕೀರೇಶನಿಗೆ ತಿಳಿಯಿತು. ತಿಳಿದದ್ದೇ ಮುಖ ಬಾಡಿತು.

“ಅಜ್ಜಾರ, ನಿಮ್ಮನ್ನ ನೆತ್ತಿ ಮ್ಯಾಲಿಂದ ಇಳಿಸೂದು ಪಾಪ ಅಲ್ಲೇನ್ರಿ?”

ಅಜ್ಜಾರು ನಟ್ಟು ಬಿಚ್ಚುವ ಪಾನಾ ತರಿಸಿದರು. ಕಾರಿನ ಮೇಲಿನ ಕ್ಯಾರಿಯರ್, ಬಾವುಟದ ಕೋಲು, ಮೈಕಿನ ತುತ್ತೂರಿ, ಎಲ್ಲ ತಾವೇ ಬಿಚ್ಚಿ ಪಟದ ಪಕ್ಕ ದನದ ಕೊಟ್ಟಿಗೆಗೆ ಹಾಕಿದರು.

ಫಕ್ಕೀರೇಶ ಸುಮ್ಮನಿರುವ ಪೈಕಿಯೇ? ಸಂಜೆ ಹೊಳೆ ದಾಟಿ ಹೋದ.

“ಏನೋ ಸಂಗ್ಯಾ, ನಿಮ್ಮ ಕಾರಿನ ಮ್ಯಾಲೆ ನಿಮ್ಮ ಮಠದ ಅಪ್ಪಾರ ಪಟಾನೇ ಇಲ್ಲಲ್ಲೋ? ಥೂ, ಇದೂ ಒಂದು ಭಕ್ತಿ!”

ಓಟದ ದಿನ ಸಂಗಯ್ಯನ ನುಣುಪು ಕಾರಿನ ಮೇಲೆ ಬಾಗಿಲಗಲದ ಪಟ, ಸುತ್ತ ಹೂವಿನ ಕಮಾನು.

ಹೊರಡುವಾಗ ಅವನೇ ಮುಂದೆ. ಕಿಟಕಿಯಿಂದ ಕೈ ಹೊರಗೆ ಹಾಕಿ ಎಲೆ ಎತ್ತುವಂತೆ ಅಣಕಿಸಿ ತೋರಿಸಿದ. ಫಕ್ಕೀರೇಶ ಒತ್ತಿದ. ಮುಳ್ಳು ಎಂಬತ್ತಕ್ಕೆ ಬಂತು. ಡಬ್ಬಿ ಡಬ್ಬಿಯೇ, ಅದರ ಮೂತಿ ಗೋಡೆಯೇ. ಎದೆಗೆ ಕೈ ಈಗಲೂ ತಗುಲಿತು. ಆದರೆ ಮುಂಚೆ ಎರಡು ಕೈ ಇದ್ದವು, ಈಗ ಒಂದು.

ಎಂಬತ್ತೈದು. ತೊಂಬತ್ತು!

ಕಮಾನಿನ ಹೂವೆಲ್ಲ ಗಾಳಿಗೆ ಕಿತ್ತು ಫಕ್ಕೀರೇಶನ ಕಾರಿನ ಮೇಲೆಯೇ ಸುರಿದವು. ಹೂ ಹಾಕಿಸಿಕೊಂಡೇ ಅವನು ಸಂಗಯ್ಯನನ್ನು ದಾಟಿದ.

ಕೊಡ ದೇವರ ಮೇಲೆ ಸುರಿಯಿತು. ಡೊಳ್ಳು ಬಡಿದವು. ಪಂಕ್ತಿಯಲ್ಲಿ ಫಕ್ಕೀರೇಶ ಹೊಟ್ಟೆ ಬಿರಿಯುವಂತೆ ಉಂಡು, ಎಲೆಯಲ್ಲಿ ಬೇಕಂತಲೇ ಸಾರು ಉಳಿಸಿ, ಗುಡ್ಡ ಗುಂಯ್ ಎನ್ನುವಂತೆ ಕೂಗಿದ: “ಸಂಗ್ಯಾ, ಇತ್ಲಾಗ ಬಾರಪಾ!”

ಮಠಕ್ಕೆ ಬಂದು ಅಜ್ಜಾರ ಕಾಲಿಗೆ ಬಿದ್ದ. ಊರವರು ಗೆದ್ದ ಕಾರಿನ ಮೆರವಣಿಗೆಗೆ ಕಾದಿದ್ದರು. ಫಕ್ಕೀರೇಶ ಕೊಟ್ಟಿಗೆಯ ಕಡೆ ನೋಡಿ ತಲೆ ಕೆರೆದುಕೊಂಡ.

“ಅಜ್ಜಾರ, ಪಟ ಮತ್ತ ಏರಿಸಲ್ರಿ?”

“ಏರಿಸಪಾ. ಮೆರವಣಿಗಿ ನಡಕೋತ ಹೋಗತೈತಿ. ಮೆಲ್ಲಗ ಹೋಗೋರಿಗೆ ನಾ ಅಡ್ಡ ಆಗಂಗಿಲ್ಲ.”