ಹಂಚು ಹಾಕದ ಮನೆ

"ಗುರುಗಳೇ, ದ್ವೀಪ ನೋಡಿ ಬಂದವರಲ್ಲಿ ದ್ವೀಪವನ್ನು ನಿಜವಾಗಿ ಕಂಡವರು ಯಾರು?" ಎಂದು ಬಸವಂತ ಕೇಳಿದ.

ಅವನು ಜೊತೆಯವರೊಂದಿಗೆ ಕರಾವಳಿಗೆ ಹೋಗಿ ಆಗಷ್ಟೇ ಮರಳಿದ್ದ. ಜೊತೆಯವರೆಲ್ಲ ಅಲ್ಲಿಯ ಒಂದು ದ್ವೀಪದಲ್ಲಿ ಟಿಕೀಟು ಕೊಂಡು, ವ್ಯಾಪಾರಿಯೊಬ್ಬ ಕಟ್ಟಿಸಿದ ಹಳ್ಳಿಯೊಳಗೆ ಸುತ್ತಾಡಿ, ಬಣ್ಣದ ಪೇಟ ಸುತ್ತಿಕೊಂಡು ಫೋಟೋ ತೆಗೆಸಿಕೊಂಡಿದ್ದರು. ಬಸವಂತ ಅತ್ತ ಹೋಗಲಿಲ್ಲ. ಅವರಿವರನ್ನು ಕೇಳಿ, ಒಂದು ಬಡ ಮನೆಯನ್ನು ಹುಡುಕಿ, ನೆಲದ ಮೇಲೆ ಕೂತು ಗಂಜಿ ಉಂಡು ಬಂದಿದ್ದ. ಹಿಂದಿರುಗುವ ದಾರಿಯುದ್ದಕ್ಕೂ ಅವನು ಅದನ್ನೇ ಹೇಳುತ್ತಿದ್ದುದರಿಂದ, ಕೊನೆಗೆ ಜೊತೆಯವರು ಅವನಿಗೆ ಗಂಜಿಸ್ವಾಮಿ ಎಂದು ಹೆಸರಿಟ್ಟಿದ್ದರು. ಈಗ ಅವನು ಉತ್ತರ ಗೊತ್ತಿದ್ದೇ ಕೇಳಿದ್ದ. ಅದೊಂದು ಮಾತು ಗುರುಗಳ ಬಾಯಿಂದ ಬಂದರೆ ಜೊತೆಯವರ ಬಾಯಿ ಮುಚ್ಚುತ್ತದೆ ಎಂಬುದಷ್ಟೇ ಅವನ ಆಸೆ.

ಗುರುಗಳು ಕತೆ ಹೇಳಿದರು.

ಹೊಳೆ ಕಡಲನ್ನು ಸೇರುವ ಕಡೆ ಒಂದು ಕುದ್ರು. ಹೊಳೆ ನಡುವಿನ ದ್ವೀಪಕ್ಕೆ ಅಲ್ಲಿಯವರು ಹಾಗೆನ್ನುತ್ತಾರೆ. ಆ ಕುದ್ರುವಿನಲ್ಲಿ ಒಬ್ಬ ಹೆಂಗಸು. ಗಂಡ ತೀರಿಕೊಂಡಾಗ ಅವಳಿಗೆ ಉಳಿದದ್ದು ಒಂದು ದೋಣಿ, ಒಂದು ಗುಡಿಸಲು, ಕಂಕುಳಲ್ಲೊಂದು ಹೆಣ್ಣು ಮಗು. ಗಂಡನ ಅಣ್ಣ ಬಂದು ದೋಣಿಯನ್ನು ತನಗೆ ಕೊಟ್ಟುಬಿಡು ಎಂದ. "ಹೆಂಗಸು ಹುಟ್ಟು ಹಾಕಿದರೆ ದೋಣಿ ದಡ ಮುಟ್ಟುವುದಿಲ್ಲ, ನಿಂತಲ್ಲೇ ಸುತ್ತುತ್ತದೆ," ಎಂದು ನಾಲ್ಕು ಜನರ ಮುಂದೆ ನಕ್ಕ. ಅವಳು ಮಾತಿಗೆ ಮಾತು ಬೆಳೆಸಲಿಲ್ಲ. ಮುಂದಿನ ಸಂತೆಯ ದಿನ ಅದೇ ಭಾವನನ್ನು ದೋಣಿಯಲ್ಲಿ ಕೂರಿಸಿಕೊಂಡು ಆಚೆ ದಡ ಮುಟ್ಟಿಸಿದಳು. ಇಳಿಯುವಾಗ ಎಲ್ಲರಿಗೆ ಚಾಚಿದ ಕೈಯನ್ನೇ ಅವನಿಗೂ ಚಾಚಿ ಕೂಲಿ ತೆಗೆದುಕೊಂಡಳು.

ಹಾಗೆ ಹತ್ತಾರು ವರ್ಷ ಕಳೆದ ಮೇಲೆ ಒಬ್ಬ ವ್ಯಾಪಾರಿ ಬಂದು ಕುದ್ರುವಿನ ತುದಿಯಲ್ಲಿ ಒಂದು ಹಳ್ಳಿ ಕಟ್ಟಿಸಿದ. ತೆಂಗಿನ ಗರಿ ಹೆಣೆದು ಮಾಡಿದ ಮಡಲನ್ನು ಮಾಡಿಗೆ, ಅಂದರೆ ಚಾವಣಿಗೆ, ಹೊದಿಸಿದ ಗುಡಿಸಲುಗಳು. ಅಂಗಳದಲ್ಲಿ ಒನಕೆ ಹಿಡಿದ ಹೆಂಗಸರು. ಪ್ರವಾಸಿಗಳ ದೋಣಿ ಬಂದಾಗ ಒನಕೆ ಏಳುತ್ತಿತ್ತು, ಹೋದಾಗ ನಿಲ್ಲುತ್ತಿತ್ತು. ಊರಿನವರು ಅದಕ್ಕೆ ವೇಷದ ಹಳ್ಳಿ ಎಂದು ಹೆಸರಿಟ್ಟರು. ಹೆಸರಿಟ್ಟವರೇ ಅಲ್ಲಿ ಕೆಲಸಕ್ಕೂ ಸೇರಿದರು. ಈ ಹೆಂಗಸಿನ ನೆರೆಯಾಕೆಯೂ ಸೇರಿದಳು. ಬೆಳಿಗ್ಗೆ ಹೋಗಿ ಕೆಂಪು ಸೀರೆ ಉಟ್ಟು ಕುಟ್ಟುವಳು, ಸಂಜೆ ಸೀರೆಯನ್ನು ಮಡಿಸಿಟ್ಟು ಮನೆಗೆ ಬರುವಳು. ಇವಳನ್ನೂ ಕರೆದರು. ತನ್ನ ಒನಕೆಗೆ ತನ್ನ ಮನೆಯಲ್ಲೇ ಬೇಕಾದಷ್ಟು ಕೆಲಸವಿದೆ ಎಂದು ಹೇಳಿ ಕಳಿಸಿದಳು.

ವೇಷದ ಹಳ್ಳಿ ನೋಡಿ ಬೇಸತ್ತ ಪ್ರವಾಸಿಯೊಬ್ಬ ಒಂದು ಮಧ್ಯಾಹ್ನ ನಡೆಯುತ್ತ ಇವಳ ಅಂಗಳಕ್ಕೆ ಬಂದ. ಅವಳು ಗಂಜಿಗೆ ಕೂತಿದ್ದಳು. ಹಸಿದು ಬಂದವನನ್ನು ನೋಡುತ್ತ ಉಣ್ಣುವುದು ಹೇಗೆ? ಅವನಿಗೂ ಗಂಜಿ, ಒಣಮೀನಿನ ಚಟ್ನಿ ಬಡಿಸಿದಳು. ಅವನು ಉಂಡ, ಹೊಗೆ ಹಿಡಿದ ಮಾಡನ್ನು ನೋಡಿದ, ಒಲೆಯನ್ನು ನೋಡಿದ. ತಾನು ಹುಡುಕುತ್ತಿದ್ದದ್ದು ಇದನ್ನೇ, ಇದರಲ್ಲಿ ಒಂದು ಕಡ್ಡಿಯನ್ನೂ ಬದಲಾಯಿಸಬೇಡಿ ಎಂದು ಕೈಮುಗಿದು ಹೋದ.

ಅವನ ಮಾತು ಕೇಳಿ ಇನ್ನಷ್ಟು ಜನ ಬಂದರು. ಉಣ್ಣಲು ಬಂದವರು ರಾತ್ರಿ ಉಳಿಯತೊಡಗಿದರು. ಅವಳು ಎರಡನೆಯ ದೋಣಿ ಕೊಂಡಳು. ಆ ಕಡೆಯವರು ಬಣ್ಣ ಹಚ್ಚಿಕೊಂಡು ಮಾರುತ್ತಾರೆ, ನಾನು ಇದ್ದದ್ದನ್ನು ಇದ್ದ ಹಾಗೆ ಬಡಿಸುತ್ತೇನೆ ಎಂದು ಅವಳಿಗೆ ಹೆಮ್ಮೆ. ಆ ಹೆಮ್ಮೆಯಲ್ಲಿ ಸುಳ್ಳಿರಲಿಲ್ಲ.

ಕುದ್ರುವಿನಲ್ಲಿ ಒಂದೊಂದಾಗಿ ಮನೆಗಳಿಗೆ ಹಂಚು ಬಂತು. ಅವಳೂ ಹಂಚು ತರಿಸಿ ಅಂಗಳದಲ್ಲಿ ಪೇರಿಸಿದಳು. ಅದನ್ನು ಕಂಡ ಅತಿಥಿಗಳ ಮುಖ ಬಾಡಿತು. ಇಷ್ಟು ಚಂದದ ಮನೆಯನ್ನು ಕೆಡಿಸುತ್ತೀರಾ ಎಂದು ಕೇಳಿದರು. ಅವಳು ಎರಡು ದಿನ ಯೋಚಿಸಿ ಹಂಚನ್ನು ನೆರೆಯಾಕೆಗೆ ಕೊಟ್ಟುಬಿಟ್ಟಳು.

ಮಡಲಿನ ಮಾಡನ್ನು ಪ್ರತಿ ವರ್ಷ ಮಳೆಗೆ ಮುಂಚೆ ಹೊಸದಾಗಿ ಹೊದಿಸಬೇಕು. ಅದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಆದ್ದರಿಂದ ಅಲ್ಲಿ ಮುಯ್ಯಾಳಿನ ಪದ್ಧತಿ. ಇಂದು ನಿನ್ನ ಮಾಡಿಗೆ ನಾವು, ನಾಳೆ ನಮ್ಮ ಮಾಡಿಗೆ ನೀನು. ದುಡಿಮೆಗೆ ದುಡಿಮೆಯೇ ಸಲ್ಲಬೇಕು, ಕೂಲಿ ಕೊಟ್ಟರೆ ಅವಮಾನ. ಆ ವರ್ಷ ಅವಳು ಎಂದಿನಂತೆ ಮನೆ ಮನೆಗೆ ಹೋಗಿ ಕರೆದಳು. ಯಾರೂ ಎದ್ದು ಬರಲಿಲ್ಲ. ಕೊನೆಗೆ ನೆರೆಯಾಕೆಯೇ ಹೇಳಿದಳು: "ನಾವು ಬರುತ್ತೇವೆ ಅಕ್ಕಾ, ಆದರೆ ನೀನು ಮುಯ್ಯಿ ತೀರಿಸುವುದು ಯಾರ ಮಾಡಿನ ಮೇಲೆ? ನಮ್ಮದೆಲ್ಲ ಹಂಚಾಯಿತಲ್ಲ."

ಇಡೀ ಕುದ್ರುವಿನಲ್ಲಿ ಇನ್ನೂ ಮಡಲು ಹೊದಿಸುತ್ತಿದ್ದವರು ವ್ಯಾಪಾರಿಯ ಆಳುಗಳು ಮಾತ್ರ. ಅವರನ್ನೇ ಕರೆಸಿ, ಕೂಲಿ ಕೊಟ್ಟು, ಮಾಡು ಹೊದಿಸಿದಳು. ಅಂದಿನಿಂದ ವೇಷದ ಹಳ್ಳಿಯ ಮಾಡಿಗೂ ಅವಳ ಮಾಡಿಗೂ ಒಂದೇ ಕೈ, ಒಂದೇ ಗಂಟು. ಅತಿಥಿಗಳು ಅದರ ಕೆಳಗೆ ಮಲಗಿ, ಇಂಥದ್ದು ಬೇರೆಲ್ಲೂ ಸಿಗುವುದಿಲ್ಲ ಎಂದರು. ಅವಳು ಮೊದಲ ಸಲ ಹೂಂಗುಟ್ಟಲು ತಡವರಿಸಿದಳು.

ಆಚೆ ದಡಕ್ಕೆ ಮದುವೆಯಾಗಿ ಹೋಗಿದ್ದ ಮಗಳು ಚೊಚ್ಚಲ ಬಾಣಂತನಕ್ಕೆಂದು ತಾಯಿಯ ಮನೆಗೆ ಬಂದಳು. ಮಳೆ ಇನ್ನೂ ಪೂರ್ತಿ ಹಿಂದೆ ಸರಿದಿರಲಿಲ್ಲ. ಮಾಡು ತೊಟ್ಟಿಕ್ಕುತ್ತಿತ್ತು. ಹಸಿ ಸೌದೆಯ ಹೊಗೆಗೆ ಮಗಳು ರಾತ್ರಿಯೆಲ್ಲ ಕೆಮ್ಮಿದಳು. ಹಗಲು ಅತಿಥಿಗಳು ಕೋಣೆಗೆ ಇಣುಕಿ, ಹೆರಿಗೆಯೂ ಹಳೆಯ ಪದ್ಧತಿಯಲ್ಲಿ ಮನೆಯಲ್ಲೇ ತಾನೇ ಎಂದು ವಿಚಾರಿಸಿಕೊಂಡರು. ಮಗಳು ತಾಯಿಗೆ, ಈಗಲಾದರೂ ಹಂಚು ಹಾಕಿಸು ಎಂದಳು.

"ಹಂಚು ಹಾಕಿಸಿದರೆ ಬರುವವರು ಬರುವುದಿಲ್ಲ, ಮಗಳೇ."

"ನಾನೂ ಬಂದವಳೇ ಅಲ್ಲವಾ ಅಮ್ಮ?"

ತಾಯಿ ಒಲೆ ಊದುತ್ತ ಕೂತಳು. ಈ ಕಾಲ ಕಳೆಯಲಿ, ಮುಂದಿನ ವರ್ಷ ನೋಡೋಣ ಎಂದುಕೊಂಡಳು.

ಮಗಳು ಆಚೆ ದಡದ ಆಸ್ಪತ್ರೆಯಲ್ಲಿ ಗಂಡುಮಗು ಹೆತ್ತಳು. ಮಗುವನ್ನು ಎತ್ತಿಕೊಂಡು ದೋಣಿಯಿಂದ ಇಳಿದವಳು ತಾಯಿಯ ಅಂಗಳವನ್ನು ದಾಟಿ ನೆರೆಯಾಕೆಯ ಮನೆಗೆ ಹೋದಳು. ಜಗಳವಾಡಲಿಲ್ಲ. ಮಗುವಿಗೆ ಬೆಚ್ಚಗಿನ ಜಾಗ ಬೇಕು ಎಂದಳು, ಅಷ್ಟೇ.

ಒಂದು ಸಂಜೆ ಆ ಹೆಂಗಸು ಅತಿಥಿಯೊಬ್ಬನಿಗೆ ಸೂರ್ಯ ಮುಳುಗುವುದನ್ನು ತೋರಿಸಲು ಹೊರಟಿದ್ದಳು. ದಾರಿಯಲ್ಲೇ ನೆರೆಯಾಕೆಯ ಮನೆ. ಕೆಂಪು ಸೀರೆ ಬಿಟ್ಟು ಬಂದ ನೆರೆಯಾಕೆ, ಬಾಗಿಲು ತೆರೆದಿಟ್ಟುಕೊಂಡು, ಚಾಚಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿ, ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ಮಗು ಊರು ಕೇಳುವ ಹಾಗೆ ಅಳುತ್ತಿತ್ತು. ಅದಕ್ಕಿಂತ ಗಟ್ಟಿಯಾಗಿ ಅವಳು ಜೋಗುಳ ಹಾಡುತ್ತಿದ್ದಳು. ಕುದ್ರುವಿನಲ್ಲಿ ಮಕ್ಕಳನ್ನು ಎಂದಿನಿಂದಲೂ ಬೆಳೆಸಿದ್ದು ಹಾಗೆಯೇ.

ಅತಿಥಿ ಅತ್ತ ತಿರುಗಲೂ ಇಲ್ಲ. ಈ ಹಂಚಿನ ಮನೆಗಳೇ ಊರನ್ನು ಕೆಡಿಸಿದ್ದು ಎಂದು ಹೇಳಿ ಮುಂದೆ ನಡೆದ.

ಅವಳ ಕಾಲುಗಳು ನಿಂತವು. ಆ ಬಾಗಿಲಿಗೆ ಹೋಗಬೇಕೋ ಇವನ ಹಿಂದೆ ಹೋಗಬೇಕೋ ತಿಳಿಯಲಿಲ್ಲ. ತಾನು ಸುಳ್ಳು ಹೇಳಿದವಳಲ್ಲ, ವೇಷ ಹಾಕಿದವಳಲ್ಲ. ಆದರೂ ಎಲ್ಲಿ ದಾರಿ ತಪ್ಪಿತು ಎಂದು ಹುಡುಕಿದರೆ ತಪ್ಪಿದ ಜಾಗ ಸಿಗಲಿಲ್ಲ. ಅಷ್ಟರಲ್ಲಿ ದೋಣಿ ನಿಲ್ಲುವ ಕಡವಿನಿಂದ ಇನ್ನೊಂದು ದೋಣಿಯವರು ಅವಳನ್ನು ಕೂಗಿದರು. ಅವಳು ಹಿಂದಿರುಗಿ ಒಲೆ ಹಚ್ಚಿದಳು.

ಇಂದು ಅವಳಿಗೆ ದೋಣಿಗಳಿವೆ, ತೋಟವಿದೆ, ದೂರದೂರಿನವರ ಬಾಯಲ್ಲಿ ಹೆಸರಿದೆ. ನಡೆಯಲು ಕಲಿತ ಮೊಮ್ಮಗ ಕುದ್ರುವಿಗೆ ಬಂದರೆ ನೇರವಾಗಿ ನೆರೆಯಾಕೆಯ ಮನೆಗೆ ಓಡುತ್ತಾನೆ. ಅವನಿಗೆ ಅದೇ ಅಜ್ಜಿಯ ಮನೆ.

ಗುರುಗಳು ಕತೆ ನಿಲ್ಲಿಸಿದರು. ಕೇಳಿದ ಪ್ರಶ್ನೆಯೇ ಬಸವಂತನ ಕೈ ಜಾರಿದಂತಿತ್ತು. ಆಮೇಲೆ, "ಹಾಗಾದರೆ ಟಿಕೀಟು ಕೊಂಡವರೇ ಸರಿಯೇ, ಗುರುಗಳೇ? ಅಲ್ಲಿ ಇದ್ದದ್ದೆಲ್ಲ ವೇಷವಲ್ಲವೇ?" ಎಂದ.

"ವೇಷವೇ, ಅದಕ್ಕೇ ಒನಕೆ ಹಿಡಿದವರು ಸಂಜೆ ಅದನ್ನು ಕಳಚಿಟ್ಟು ಮನೆಗೆ ಹೋದರು, ಇವಳು ಎಲ್ಲಿಗೆ ಹೋಗಬೇಕು?" ಎಂದರು ಗುರುಗಳು.