ಹೌದೆನ್ನಬೇಕಾದವಳು

“ಗುರುಗಳೇ, ನಾಳೆ ವಿದ್ಯಾಪೀಠದ ಸಭೆಯಲ್ಲಿ ನನ್ನ ಗ್ರಂಥ ಓದುವುದಿದೆ. ಬಾವಿ ತೋಡುವವರ ಬಾಳಿನ ಬಗ್ಗೆ ಹತ್ತು ವರ್ಷ ಕೂತು ಬರೆದದ್ದು. ಪಂಡಿತರು ತಲೆದೂಗುತ್ತಾರೆ, ಎದ್ದು ಊಟಕ್ಕೆ ಹೋಗುತ್ತಾರೆ. ಅಂಥ ಕಡೆ ನಿಜವಾಗಿ ಏನಾದರೂ ಬದಲಾದೀತೇ?” ಎಂದು ಶಿಷ್ಯ ಸಂಕಣ್ಣ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಪಂಡಿತನಿದ್ದ. ನೇಕಾರರು ಏಕೆ ಬಡವರು ಎಂಬುದರ ಮೇಲೆ ಇಪ್ಪತ್ತು ವರ್ಷ ತಲೆ ಕೆಡಿಸಿಕೊಂಡು ಗ್ರಂಥ ಬರೆದಿದ್ದ. ಮಗ್ಗದ ಮನೆಗೆ ಮಾತ್ರ ಒಮ್ಮೆಯೂ ಕಾಲಿಟ್ಟವನಲ್ಲ, ಪಾಪ, ಪುರುಸೊತ್ತೆಲ್ಲಿ! ಸಭೆ ಗ್ರಂಥವನ್ನು ಒಪ್ಪಿದರೆ ಪೀಠದ ಹಿರಿತನ ಅವನದೇ.

ಆ ಸಭೆಯಲ್ಲೊಂದು ಕಟ್ಟಳೆಯಿತ್ತು. ಯಾರ ಮಾತನ್ನು ಖಂಡಿಸಬೇಕೋ ಅವರ ಮಾತನ್ನು ಮೊದಲು ತಾನೇ ಹೇಳಬೇಕು. ಅವರು ಹೌದು ಎನ್ನುವವರೆಗೆ ಖಂಡಿಸುವ ಹಾಗಿಲ್ಲ. ನೇಕಾರರ ಪರವಾಗಿ ಹೌದು ಎನ್ನಲು ಒಬ್ಬ ಕಿರಿಯ ಪಂಡಿತನನ್ನು ಕೂರಿಸಿದ್ದರು. ಅವನಿಗೆ ಅದು ರೂಢಿಯಾಗಿತ್ತು.

ಪಂಡಿತ ಎದ್ದು ನಿಂತು, ತನ್ನ ಬಡತನ ಹಣೆಯಲ್ಲಿ ಬರೆದದ್ದು ಎನ್ನುತ್ತಾನೆ ನೇಕಾರ, ಎಂದ. ಕಿರಿಯವನು ಹೌದೆಂದ. ಅಂದು ಪಂಡಿತನಿಗೆ ಹೊದಿಸಬೇಕಾದ ಶಾಲನ್ನು ನೇಯ್ದು ತಂದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಳು.

“ನಾವು ಹಾಗೆ ಅನ್ನುವುದಿಲ್ಲ, ಸ್ವಾಮಿ” ಎಂದಳು.

ಸಭೆ ಬಿದ್ದು ಬಿದ್ದು ನಕ್ಕಿತು. ಶಾಲು ಇಟ್ಟು ಹೋಗಮ್ಮ ಎಂದರು ಯಾರೋ. ಪಂಡಿತನೂ ನಕ್ಕ. ಆದರೆ ಕಟ್ಟಳೆಯನ್ನು ಅವನು ಬಾಯಿಪಾಠ ಮಾಡಿಸುತ್ತಿದ್ದವನು. ಯಾರ ಹೌದು ಬೇಕೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಸಭೆಯನ್ನು ನಿಲ್ಲಿಸಿ ಎಂದ. ಹಿರಿಯರು ಕೆಂಡಾಮಂಡಲವಾದರು.

ಮರುದಿನ ಅವಳ ಮಗ್ಗದ ಬಳಿ ಹೋಗಿ ಕುಳಿತ. ಸಂಜೆಗೆ ಅವಳ ಮಾತು ಇದೇ ಇರಬೇಕೆಂದು ತನಗೆ ತೋರಿದ್ದನ್ನು ಹೇಳಿದ, ಅವಳು ಅಲ್ಲವೆಂದಳು. ವಾರ ಕಳೆಯಿತು, ತಿಂಗಳು ಕಳೆಯಿತು. ಅವನು ನೂಲು ಸುತ್ತಿದ, ಬಟ್ಟೆಯ ಗಂಟು ಹೊತ್ತು ಅವಳ ಹಿಂದೆ ಸಂತೆಗೆ ನಡೆದ. ಗ್ರಂಥ ಗಟ್ಟಿಯಾಗುತ್ತದೆ ಎಂದುಕೊಂಡೇ ಹೋದವನು, ಬರಬರುತ್ತಾ ಗ್ರಂಥದ ಮಾತೆತ್ತುವುದನ್ನು ಬಿಟ್ಟ.

ಆರು ತಿಂಗಳಿಗೆ ಸಭೆ ಮತ್ತೆ ಸೇರಿತು. ಈ ಸಲ ಅವಳು ನಡುವೆ ಕುಳಿತಿದ್ದಳು. ಪಂಡಿತ ಹೇಳಿದ:

“ನೇಯುವವಳು ಹೀಗೆನ್ನುತ್ತಾಳೆ. ನನ್ನ ಬಡತನ ಹಣೆಬರಹವಲ್ಲ. ನನ್ನ ಬಟ್ಟೆಗೆ ಬೆಲೆ ಕಟ್ಟುವವರು ಒಳಗೆ ಕೂರುತ್ತಾರೆ, ನನ್ನನ್ನು ಹೊರಗೆ ನಿಲ್ಲಿಸುತ್ತಾರೆ. ನನ್ನ ಬಗ್ಗೆ ಗ್ರಂಥ ಬರೆಯುವವರೂ ಅಷ್ಟೇ.”

“ಹೌದು” ಎಂದಳು.

ಇನ್ನು ಖಂಡಿಸುವ ಸರದಿ. ಪಂಡಿತ ಬಾಯಿ ತೆರೆದ. ಇಪ್ಪತ್ತು ವರ್ಷದ ಓಲೆಗಳು ಮುಂದಿದ್ದವು. ಅವುಗಳಲ್ಲಿ ಇದನ್ನು ಖಂಡಿಸುವ ಒಂದು ಮಾತೂ ಇರಲಿಲ್ಲ. ಸೋತೆನೆಂದು ಅವನಿಗೆ ಅನ್ನಿಸಲಿಲ್ಲ. ಇಷ್ಟು ದೊಡ್ಡದೊಂದು ನಿಜದ ಎದುರು ತಾನು ಹಿಂದೆಂದೂ ನಿಂತಿರಲಿಲ್ಲ ಎನ್ನಿಸಿತು. ಅವಳಿಗೆ ಕೈಮುಗಿದು ಕುಳಿತುಬಿಟ್ಟ. ಆಗ ಸಭೆಯ ಅತಿ ಹಿರಿಯ, ಅಂದು ಕೆಂಡ ಕಾರಿದ್ದ ಮುದುಕ, ತಡವರಿಸುತ್ತಾ ಎದ್ದ. ತನ್ನ ಗ್ರಂಥವನ್ನೂ ಮತ್ತೆ ಓದಿ ನೋಡಬೇಕಾಗಿದೆ, ಅದು ಕುಂಬಾರರ ಬಗ್ಗೆ ಬರೆದದ್ದು, ಅವರನ್ನು ಕರೆಸಿ ಎಂದ.

ಸಂಕಣ್ಣನ ಕಣ್ಣು ತುಂಬಿ ಬಂದಿತ್ತು. ಎಂಥ ಸಭೆ, ಎಂಥ ಪಂಡಿತ ಎಂದ. ನಮ್ಮ ಕಾಲದಲ್ಲಿ ಅಂಥವರೆಲ್ಲಿದ್ದಾರೆ ಎಂದ.

ಗುರುಗಳು ಕೇಳಿದರು: “ಬಾವಿ ತೋಡುವವರಿಗೆ ನಾಳೆ ಬರಲು ಹೇಳಿದ್ದೀಯಾ?”